ಅರವತ್ತು ಹೆಜ್ಜೆ ದೂರದ ಹಿಮಬೇಲಿ

ರಾಯಚೂರು: ಸ್ವೆಟರಿನ ಅಂಗಡಿ

ದೇವದುರ್ಗದ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ರಾಯಚೂರಿಗೆ ಹೋಗಿ ಅಲ್ಲಿರುವುದರಲ್ಲೇ ದಪ್ಪನೆಯ ಸ್ವೆಟರ್ ಕೇಳಿದ್ದು. ಹೊರಗೆ ಡಿಸೆಂಬರಿನ ಬಿಸಿಲಿಗೂ ಆಟೋದವರು ತಲೆಗೆ ಟವೆಲ್ಲು ಸುತ್ತಿಕೊಂಡಿದ್ದರು. ಅಂಗಡಿಯ ಖಾಜಾಸಾಬರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು.

"ಟೀಚರಮ್ಮಾ, ಈ ಊರಾಗ ಇಂಥಾ ಸ್ವೆಟರ್ ಯಾರೂ ಕೇಳಂಗಿಲ್ರಿ. ಕೂಸಿಗೆ ಟೊಪ್ಪಿಗಿ ಬೇಕಂದ್ರ ಅದಾವ. ಎಲ್ಲಿಗಿ ಹೊಂಟೀರಿ?"

"ಕೆನಡಾಕ. ತಂಗಿ ಅದಾಳ."

"ಅಲ್ಲಿ ಈಗ ಬರ್ಫ್ ಬೀಳ್ತದಲ್ರೀ. ಬ್ಯಾಸಗ್ಯಾಗ ಹೋಗಬೇಕಿತ್ತು."

ನನ್ನ ತಂಗಿ ನೀಲಾ ಹೇಳಿದ್ದೂ ಇದನ್ನೇ. "ಬಿಸಲು ನೋಡಾಕ ದೇವದುರ್ಗದಿಂದ ಅಲ್ಲೀತನಕ ಯಾಕ ಬರಬೇಕು? ಹಿಮ ಬಿದ್ದಾಗಲೇ ಬರ್ತೀನಿ" ಎಂದು ಹಟ ಹಿಡಿದವಳು ನಾನು. ಹಿಮದ ಪಾಠವನ್ನು ಅಷ್ಟು ವರ್ಷ ಮಾಡಿದ್ದೇನೆ, ಆದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಿಟ್ಟರೆ ಅದನ್ನು ಎಲ್ಲಿಯೂ ಕಂಡವಳಲ್ಲ. ಖಾಜಾಸಾಬರು ಕೊನೆಗೆ ಮಾಳಿಗೆಯ ಮೂಲೆಯಿಂದ ಒಂದು ಬೂದುಬಣ್ಣದ ಸ್ವೆಟರ್ ಹುಡುಕಿ ತಂದು, ಧೂಳು ಕೊಡವಿ, ಇದಕ್ಕೊಂದು ದಿನ ಬಂತಲ್ಲ ಎಂದು ಖುಷಿಪಟ್ಟರು.

ನೀಲಾ ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಅವ್ವ ಹೋದಾಗ ಅವಳಿಗೆ ಮೂರು ವರ್ಷ. ನಮ್ಮೂರು ಗಬ್ಬೂರಿನ ಮನೆಯಲ್ಲಿ ಅವಳ ಜಡೆ ಹೆಣೆದು, ಅಕ್ಷರ ತಿದ್ದಿಸಿ, ಬಸ್ಸಿಗೆ ಹತ್ತಿಸಿದವಳು ನಾನು. ಅವಳು ರಾಯಚೂರಿನಲ್ಲಿ ನರ್ಸಿಂಗ್ ಓದಿ, ಈಗ ಕೆನಡಾದ ಬಯಲಿನಲ್ಲಿ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕಿಡ್ನಿ ಕೆಟ್ಟವರ ರಕ್ತ ಶುದ್ಧ ಮಾಡುವ ಡಯಾಲಿಸಿಸ್ ಯಂತ್ರಗಳನ್ನು ನೋಡಿಕೊಳ್ಳುತ್ತಾಳೆ. ಇದನ್ನು ನಾನು ದೇವದುರ್ಗದಲ್ಲಿ ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ.

ಸುಣ್ಣ ಬಳಿದ ಬಯಲು

ವಿಮಾನ ನಿಲ್ದಾಣದಲ್ಲಿ ನನ್ನ ಗುರೆಳ್ಳು ಚಟ್ನಿಪುಡಿಯ ಡಬ್ಬಿಯನ್ನು ಒಬ್ಬ ಅಧಿಕಾರಿ ತೆರೆದು, ಮೂಸಿ, ಸೀನಿದ. ಈ ಕಪ್ಪು ಪುಡಿ ಏನು ಎಂದು ಕೇಳಿದ. ಗಿಡದ ಕುಲದಿಂದ ಹಿಡಿದು, ಹುರಿಯುವ, ಕುಟ್ಟುವ ಕ್ರಮದವರೆಗೆ ಪೂರ್ತಿ ಪಾಠ ಮಾಡಿದೆ. ಅವನು ಒಪ್ಪಿದನೋ ದಣಿದನೋ, ಡಬ್ಬಿ ಮುಚ್ಚಿ ಕೊಟ್ಟು ಕೈ ಮಾಡಿ ಕಳಿಸಿದ.

ಕಾರಿನ ಕಿಟಕಿಯಿಂದ ನೋಡಿದರೆ ಎಲ್ಲೆಲ್ಲೂ ಸಪಾಟು ನೆಲ. ರಾಯಚೂರಿನಿಂದ ಮಾನ್ವಿಗೆ ಹೋಗುವ ದಾರಿಯ ಬಯಲಿಗೆ ಯಾರೋ ಸುಣ್ಣ ಬಳಿದಂತಿತ್ತು. ಮರವಿಲ್ಲ, ಗುಡ್ಡವಿಲ್ಲ, ಗಾಳಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ಬೇಸಿಗೆಯಲ್ಲಿ ಇಲ್ಲಿ ಕೆಂಪು ಮಸೂರಿ ಬೇಳೆ ಬೆಳೆಯುತ್ತಾರೆ, ಅದರಲ್ಲಿ ಸ್ವಲ್ಪ ನಮ್ಮ ದೇಶಕ್ಕೂ ಬರುತ್ತದೆ ಎಂದು ನೀಲಾ ಹೇಳಿದಾಗ ಆ ನೆಲದ ಮೇಲೆ ನನಗೆ ಸ್ವಲ್ಪ ಸಲಿಗೆ ಬಂತು.

ನೀಲಾಳ ಮನೆ ಊರಿನ ಹೊರಗೆ, ಹೊಲಗಳ ನಡುವೆ. ಮನೆಯಿಂದ ಸರ್ಕಾರಿ ರಸ್ತೆ ಮುಟ್ಟಲು ನಮ್ಮ ಶಾಲೆಯ ಮೈದಾನದಷ್ಟು ಉದ್ದದ ಸ್ವಂತ ದಾರಿ. ದೊಡ್ಡ ರಸ್ತೆಯ ಹಿಮವನ್ನು ಸರ್ಕಾರದ ಯಂತ್ರ ಬಳಿದು ಬದಿಗೆ ಹಾಕುತ್ತದೆ, ಮನೆದಾರಿಯದು ಮನೆಯವರ ಪಾಡು. ಅಲ್ಲಿ ಆಕಾಶದಿಂದ ಬೀಳುವ ಹಿಮಕ್ಕಿಂತ, ಬಿದ್ದ ಮೇಲೆ ಹೊಲದಿಂದ ಹಾರಿ ಬರುವ ಹಿಮವೇ ಹೆಚ್ಚು ಕಾಟ. ನಮ್ಮಲ್ಲಿ ಏಪ್ರಿಲ್ ಗಾಳಿಗೆ ಧೂಳು ಬಂದು ಅಂಗಳ ತುಂಬುವಂತೆ ಅದು ಬಂದು ದಾರಿಯ ತಗ್ಗಿನಲ್ಲಿ ಕೂರುತ್ತದೆ. ಒಮ್ಮೆ ಕೂತರೆ ಕಾರು ಅಲ್ಲಾಡುವುದಿಲ್ಲ.

ಅಲ್ಲಿಯ ಜನ ಕಾರಿಗೂ ಕರೆಂಟಿನ ವೈರು ಹಚ್ಚಿ ಬೆಚ್ಚಗಿಡುತ್ತಾರೆ. ಅಂಗಳದಲ್ಲಿ ಗೂಟಕ್ಕೆ ಕಟ್ಟಿದ ಎಮ್ಮೆಯಂತೆ ಕಾರು ನಿಂತಿರುತ್ತದೆ. ಎದುರಾದವರು ನಮಸ್ಕಾರಕ್ಕಿಂತ ಮೊದಲು ಗಾಳಿಯ ದಿಕ್ಕು ಹೇಳುತ್ತಾರೆ. ಪಕ್ಕದ ಹೊಲದ ಯಜಮಾನ ವಾಲ್ಟರ್, ಎಪ್ಪತ್ತು ದಾಟಿದ ರೈತ, ನನ್ನನ್ನು ಮೊದಲ ಸಲ ನೋಡಿದಾಗ ಆಡಿದ ಮಾತು "ವಾಯವ್ಯ" ಅಷ್ಟೇ. ಅವರ ಹೆಂಡತಿ ಮಾರ್ಗರೆಟ್ ನೀಲಾಳ ರೋಗಿ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರಕ್ಕೆ ವಾಲ್ಟರ್ ಆಕೆಯನ್ನು ಹೊಲದ ಮೇಲಿಂದಲೇ ಟ್ರಾಕ್ಟರಿನಲ್ಲಿ ನಮ್ಮ ಬಾಗಿಲಿಗೆ ತಂದು ಬಿಡುವುದು, ನೀಲಾ ತನ್ನ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವುದು. ಇತ್ತೀಚೆಗೆ ಶುರುವಾದ ಕಣ್ಣಿನ ತೊಂದರೆಯಿಂದ ವಾಲ್ಟರಿಗೆ ಕತ್ತಲಲ್ಲಿ ದೊಡ್ಡ ರಸ್ತೆಯಲ್ಲಿ ಗಾಡಿ ಓಡಿಸಲಾಗದು.

"ಏಳಕ್ಕ ಮಶೀನ್ ಚಾಲೂ ಆಗಲೇಬೇಕಕ್ಕಾ" ಎಂದಳು ನೀಲಾ. "ನಾನು ಹೋಗಿ ಹಚ್ಚಿದ್ರ ಮಾತ್ರ ಹತ್ತತದ. ಈ ಸಲ ಹಿಮದ ಸಲುವಾಗಿ ಎರಡು ಸಲ ತಡ ಮಾಡೀನಿ. ಮ್ಯಾಲಿನಾಕಿ ಮುಖ ಕೆಂಪಗ ಮಾಡ್ಯಾಳ."

ಏನನ್ನೂ ಕಾಯದ ಬೇಲಿ

ಮೂರನೆಯ ದಿನ ನೀಲಾ ಕೆಲಸಕ್ಕೆ ಹೋದ ಮೇಲೆ ನಾನು ಅವಳ ಬೂಟು ಹಾಕಿಕೊಂಡು ದಾರಿಯ ತಪಾಸಣೆಗೆ ಹೊರಟೆ. ಗೇಟಿನ ಹತ್ತಿರ ಇಪ್ಪತ್ತು ಹೆಜ್ಜೆಯಷ್ಟು ಜಾಗದಲ್ಲಿ ಹಿಮ ಬಂದು ಕೂತಿತ್ತು. ನೀಲಾ ದಿನಾ ಸಲಿಕೆ ಹಿಡಿದು ಬೆನ್ನು ಮುರಿದುಕೊಳ್ಳುವುದು ಇಲ್ಲೇ.

ಆಗ ನನಗೆ ಆ ಬೇಲಿ ಕಂಡಿತು. ದಾರಿಯಿಂದ ಅರವತ್ತು ಹೆಜ್ಜೆ ಆಚೆ, ಬರೀ ಹೊಲದ ನಡುವೆ, ಏನನ್ನೂ ಕಾಯದೆ ನಿಂತಿತ್ತು. ಎದೆಯೆತ್ತರ. ಸಣ್ಣ ಮರದ ಪಟ್ಟಿಗಳನ್ನು ತಂತಿಯಲ್ಲಿ ಹೆಣೆದದ್ದು, ಪಟ್ಟಿಗೂ ಪಟ್ಟಿಗೂ ನಡುವೆ ಸಂದು, ಕೆಳಗೆ ಗೇಣುದ್ದ ಖಾಲಿ. ಅದರ ಆಚೆಗೆ ಗಾಳಿ ಬರುವ ಹೊಲವೆಲ್ಲ ನುಣ್ಣಗೆ ಇದ್ದರೆ, ಈಚೆಗೆ ಹಿಮ ಒಂದು ಏರಿಯಾಗಿ ಬಿದ್ದಿತ್ತು.

ನಮ್ಮಲ್ಲಿ ಸಂದು ಬಿಟ್ಟ ಬೇಲಿ ಎಂದರೆ ಸೋಮಾರಿತನದ ಗುರುತು. ಅಂಗಳಕ್ಕೆ ತೊಗರಿ ಕಟ್ಟಿಗೆಯ ತಟ್ಟಿ ಕಟ್ಟಿದವರು ಬೇಸಿಗೆ ಬರುವುದರೊಳಗೆ ಅದರ ಸಂದುಗಳಿಗೆ ಗೋಣಿಚೀಲ, ಹಳೆಯ ಸೀರೆ ತುರುಕಿ ಗಾಳಿ ನಿಲ್ಲಿಸುತ್ತಾರೆ. ಈ ಬೇಲಿಯ ಈಚೆಗೇ ಇಷ್ಟು ಹಿಮ ಬಿದ್ದಿದೆ ಎಂದರೆ ಇದು ಒಂದು ಹರಳನ್ನೂ ತಡೆದಿಲ್ಲ ಎಂದು ನಾನು ತೀರ್ಮಾನಿಸಿದೆ. ಪಾಪ, ಇಲ್ಲಿಯವರಿಗೆ ಬೇಲಿ ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು ಎಂದು ಯಾರೂ ಕಲಿಸಿಲ್ಲ. ಕಲಿಸುವುದು ನನ್ನ ಕಸುಬು.

ಎರಡು ದಿನ, ನೀಲಾ ಇಲ್ಲದ ಹೊತ್ತು ನೋಡಿ, ತಂತಿ ಬಿಚ್ಚಿ, ಬೇಲಿಯನ್ನು ಚಾಪೆಯಂತೆ ಸುತ್ತಿ, ಅಲ್ಲಿಯ ಮಕ್ಕಳು ಹಿಮದ ಮೇಲೆ ಕೂತು ಜಾರುವಂಥ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಹೇರಿ ಎಳೆದು ತಂದೆ. ಕಬ್ಬಿಣದ ಕಂಬಗಳು ಹೆಪ್ಪುಗಟ್ಟಿದ ನೆಲದಿಂದ ಏಳಲಿಲ್ಲ, ಅವನ್ನು ಅಲ್ಲೇ ಬಿಟ್ಟೆ. ದಾರಿಯ ಅಂಚಿಗೆ ಗುರುತಿಗೆಂದು ಇದ್ದ ಮರದ ಕಟಾಂಜನಕ್ಕೆ ಬೇಲಿಯನ್ನು ಬಿಗಿದೆ. ಸಂದುಗಳಿಗೆ ಶೆಡ್ಡಿನ ತಾಡಪಾಲು ಹೊದಿಸಿದೆ, ಸಾಲದ್ದಕ್ಕೆ ಎರಡು ಹೊದಿಕೆ. ಬುಡದ ಸಂದಿಗೆ ಹಿಮ ಮೆತ್ತಿ ಮುಚ್ಚಿದೆ. ಒಂದು ನೊಣ ಕೂಡ ಹಾಯುವಂತಿರಲಿಲ್ಲ. ಸಂಜೆ ನೀಲಾ ದಣಿದು ಬಂದವಳು ಕತ್ತಲಲ್ಲಿ ಅದನ್ನು ಅರೆಬರೆ ಕಂಡು, "ಏನಕ್ಕಾ ಅದು?" ಎಂದಳು.

"ನಾಳಿ ನೋಡು ನೀ," ಎಂದೆ.

ಗುರುವಾರ ಬೆಳಿಗ್ಗೆ

ನಾಳೆ ನೋಡಿದಳು. ಇರುಳೆಲ್ಲ ವಾಯವ್ಯದ ಗಾಳಿ ಬೀಸಿತ್ತು. ಐದೂವರೆಗೆ ಬಾಗಿಲು ತೆರೆದರೆ ದಾರಿಯೇ ಇರಲಿಲ್ಲ. ಬೇಲಿಯ ಈಚೆಗೆ, ಸರಿಯಾಗಿ ದಾರಿಯ ಮೇಲೆಯೇ, ಈ ತುದಿಯಿಂದ ಆ ತುದಿವರೆಗೆ ಸೊಂಟದೆತ್ತರ ಹಿಮ ಒಟ್ಟಿತ್ತು. ಮೊದಲು ಇಪ್ಪತ್ತು ಹೆಜ್ಜೆಯಿದ್ದ ಕಾಟವನ್ನು ನಾನು ಇಡೀ ದಾರಿಗೆ ಹಂಚಿದ್ದೆ.

ನೀಲಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಅಕ್ಕಾ, ವಾಲ್ಟರ್ ಕಟ್ಟಿದ್ದ ಬೇಲಿ ಬಿಚ್ಚಿದ್ಯಾ?" ಎಂದು ಮಾತ್ರ ಕೇಳಿದಳು. ಆಮೇಲೆ ಸಲಿಕೆ ಹಿಡಿದಳು. ಕಂಬಳಿ ಸುತ್ತಿಕೊಂಡು ಮಾರ್ಗರೆಟ್ ನಮ್ಮ ಅಡುಗೆಮನೆಯಲ್ಲಿ ಕೂತಿದ್ದರು. ಊದಿದ ಕಾಲುಗಳನ್ನು ಸ್ಟೂಲಿನ ಮೇಲಿಟ್ಟುಕೊಂಡು, ಚಿಂತೆ ಮಾಡಬೇಡ ಎಂದು ಅವರೇ ನನಗೆ ಸಮಾಧಾನ ಹೇಳುತ್ತಿದ್ದರು. ವಾಲ್ಟರ್ ಟ್ರಾಕ್ಟರಿನಿಂದ ದಾರಿ ಬಿಡಿಸಲು ಎರಡು ತಾಸು ಹಿಡಿಯಿತು. ಕಾರು ಹೊರಟಾಗ ಎಂಟು ದಾಟಿತ್ತು. ಆ ದಿನ ಮಾರ್ಗರೆಟ್ ಅವರ ಜೊತೆ ಇನ್ನೂ ಮೂವರು ರೋಗಿಗಳು ಕುರ್ಚಿಯಲ್ಲಿ ಕಾದರು.

ಸಂಜೆ ನೀಲಾ ಒಂದು ಪತ್ರವನ್ನು ಮೇಜಿನ ಮೇಲಿಟ್ಟಳು. ನನ್ನ ಇಂಗ್ಲಿಷಿಗೆ ಅದು ಚೆನ್ನಾಗಿಯೇ ಅರ್ಥವಾಯಿತು. ಇನ್ನೊಂದು ಸಲ ತಡವಾದರೆ ಅವಳನ್ನು ಆ ಯಂತ್ರಗಳ ಕೋಣೆಯಿಂದ ಬೇರೆ ವಾರ್ಡಿಗೆ ಹಾಕುತ್ತಾರೆ. ಆ ಕೋಣೆಗೆ ಹೋಗಲು ಅವಳು ಹಗಲು ದುಡಿದು ಸಂಜೆ ಓದಿ ಎರಡು ವರ್ಷ ಪರೀಕ್ಷೆ ಬರೆದಿದ್ದಳು. ಅವಳನ್ನು ಮೇಲೆ ತರಲು ಅಷ್ಟು ವರ್ಷ ಬಡಿದಾಡಿದವಳು ಎರಡೇ ದಿನದಲ್ಲಿ ಅವಳ ದಾರಿಗೆ ಅಡ್ಡ ಬಿದ್ದೆನಲ್ಲ ಎಂದು ಸಂಕಟವಾಯಿತು. ಊಟ ಸೇರಲಿಲ್ಲ.

ವಾಲ್ಟರನ ಶೆಡ್ಡು

ಮರುದಿನ ಗುರೆಳ್ಳು ಚಟ್ನಿಪುಡಿಯ ಡಬ್ಬಿ ಹಿಡಿದು ತಪ್ಪು ಒಪ್ಪಿಕೊಳ್ಳಲು ಹೋದೆ. ವಾಲ್ಟರ್ ಟ್ರಾಕ್ಟರಿನ ಶೆಡ್ಡಿನಲ್ಲಿದ್ದರು. ಒಳಗೆ ಮರದ ತೊಲೆಗಳ ಮೇಲೆಲ್ಲ ಬಣ್ಣದಲ್ಲಿ ಹೆಸರುಗಳಿದ್ದವು. ಇವರೆಲ್ಲ ಯಾರು ಎಂದು ಕೇಳಿದೆ. ಒಂದೊಂದು ಕೆಲಸ ಕಲಿಸಿದವರ ಹೆಸರು ಎಂದರು. ಬೆಸುಗೆ ಹಾಕಲು ಕಲಿಸಿದವನು, ಬಾವಿಯ ಪಂಪು ಬಿಚ್ಚಲು ಕಲಿಸಿದವನು, ಈಯಲು ಕಷ್ಟಪಡುವ ಹಸುವಿನ ಕರು ಎಳೆಯಲು ಕಲಿಸಿದ ಒಬ್ಬ ಮುದುಕಿ. ಮರೆಯಬಾರದಲ್ಲ, ಅದಕ್ಕೆ ಬರೆದಿದ್ದೇನೆ ಎಂದರು. ಆ ಪದ್ಧತಿ ನನಗೆ ಬಹಳ ಇಷ್ಟವಾಯಿತು. ನನ್ನ ಹೆಸರು ಎಲ್ಲಿ ಬರೆಯುತ್ತೀರಿ, ದಾರಿ ಮುಚ್ಚುವುದನ್ನು ಕಲಿಸಿದವಳು ಎಂದು ಬರೆಯುತ್ತೀರಾ ಎಂದೆ. ಮುದುಕ ಮೊದಲ ಸಲ ನಕ್ಕರು.

ಆಮೇಲೆ ಅವರು ಹೇಳಿದ್ದು ಎರಡೇ ಮಾತು. ಬೇಲಿ ಹಿಮವನ್ನು ತಡೆಯುವುದಿಲ್ಲ. ಗಾಳಿ ಅದರ ಸಂದಿನಲ್ಲಿ ನುಸುಳಿ ಸುಸ್ತಾಗಿ, ಹೊತ್ತ ಹಿಮವನ್ನು ಬೇಲಿಯ ಈಚೆಗೆ, ದಾರಿಗಿಂತ ಮೊದಲೇ ಕೆಡವುತ್ತದೆ. ಅದಕ್ಕೇ ಅಷ್ಟು ದೂರ, ಅದಕ್ಕೇ ಸಂದು.

ಆ ಮಾತು ಕೇಳುತ್ತಲೇ ನಾನು ಅಲ್ಲಿದ್ದ ಡಬ್ಬದ ಮೇಲೆ ಕೂತುಬಿಟ್ಟೆ. ಇದನ್ನು ನಾನು ಮೊದಲೇ ಕೇಳಿದ್ದೆ, ಒಂಬತ್ತು ವರ್ಷದವಳಿದ್ದಾಗ, ಗಬ್ಬೂರಿನ ನಮ್ಮ ಕಣದಲ್ಲಿ. ಅಪ್ಪ ಜೋಳ ತೂರುವ ಮುಂಚೆ ಗಾಳಿ ಹೋಗುವ ದಿಕ್ಕಿಗೆ, ಕಣದ ಆಚೆ, ಹತ್ತಿ ಕಟ್ಟಿಗೆಗಳನ್ನು ಸಾಲಾಗಿ ನೆಡಿಸುತ್ತಿದ್ದ. ಹೊಟ್ಟು ಪಕ್ಕದವರ ಹೊಲಕ್ಕೆ ಹಾರದೆ ಆ ಸಾಲಿನ ಹಿಂದೆ ಒಟ್ಟಾಗಿ ಬೀಳುತ್ತಿತ್ತು, ದನಕ್ಕೆ ತುಂಬಿಕೊಂಡು ಬರುತ್ತಿದ್ದೆವು. ನಾನು ಜಾಣತನ ಮಾಡಿ ಕಟ್ಟಿಗೆಗಳನ್ನು ಒತ್ತೊತ್ತಾಗಿ ನೆಟ್ಟಿದ್ದೆ. ಅಪ್ಪ ಕಿತ್ತು ಮತ್ತೆ ನೆಟ್ಟಿದ್ದ.

"ಒತ್ತಾಗಿ ಬ್ಯಾಡವ್ವಾ, ಮೂರು ಬೆರಳು ಸಂದು ಬಿಡು. ಗಾಳೀನ್ನ ತಡೀಬಾರ್ದು, ದಣಿಸಬೇಕು. ದಣಿದ್ರ ತಾನೇ ಹೊರಿ ಇಳಸ್ತದ."

ಅಪ್ಪನಿಗೆ ಸಹಿ ಹಾಕುವಷ್ಟೇ ಓದು. ನಾನು ಪದವಿ ಪಡೆದು, ಗಾಳಿಯ ಪಾಠವನ್ನು ಮೂವತ್ತೊಂದು ಸಲ ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕಿ ಮಾಡಿದ್ದೆ. ಅಪ್ಪ ಕಣದಲ್ಲಿ ತೋರಿಸಿದ್ದು ಆ ಪಾಠವೇ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ವಾಲ್ಟರ್ ಎದುರಿಗೆ ಅದನ್ನೆಲ್ಲ ಹೇಳುವಾಗ ನನಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಎದೆ ಉಬ್ಬಿತು.

ಸೂರ್ಯಕಾಂತಿ ದಂಟು

ಅಂದೇ ಬೇಲಿ ತನ್ನ ಹಳೆಯ ಕಂಬಗಳಿಗೆ ವಾಪಸು ಹೋಯಿತು. ಆದರೆ ಗೇಟಿನ ಕಡೆಯ ಇಪ್ಪತ್ತು ಹೆಜ್ಜೆಗೆ ಬೇಲಿ ಮೊದಲಿನಿಂದಲೂ ಕಡಿಮೆ ಬಿದ್ದಿತ್ತು. ಕೊಂಡು ತಂದು ಹಾಕೋಣವೆಂದರೆ ಹೊಸ ಕಂಬ ಹೂಳಲು ನೆಲ ಕಲ್ಲಾಗಿದೆ, ವಸಂತದವರೆಗೆ ಆಗದು ಎಂದರು ವಾಲ್ಟರ್. ಅವರ ಹೊಲದ ಇನ್ನೊಂದು ಮೂಲೆಯಲ್ಲಿ ಕೊಯ್ಯದೆ ಬಿಟ್ಟ ಸೂರ್ಯಕಾಂತಿ ದಂಟು ಒಣಗಿ ನಿಂತಿತ್ತು. ನಮ್ಮ ಕಡೆಯೂ ಬೆಳೆಯುವ ಬೆಳೆ, ಅದರ ಗಟ್ಟಿತನ ನನಗೆ ಗೊತ್ತು.

"ನೀಲಾ, ನಿನ್ನ ಕೈಯಾಗ ಕುಡುಗೋಲು ಇನ್ನಾ ನಿಲ್ತದಾ?" ಎಂದೆ ಭಾನುವಾರ.

"ಇಲ್ಲಿ ಕುಡುಗೋಲು ಎಲ್ಲಿ ತರ್ಲಿ? ಅಡಗಿ ಮನಿ ಚಾಕು ಅದ, ನಡಿ."

ಅಕ್ಕತಂಗಿ ಸೇರಿ ನೂರೈವತ್ತು ದಂಟು ಕತ್ತರಿಸಿದೆವು. ನೆಲ ಅಗೆಯುವ ಗೊಡವೆಗೇ ಹೋಗಲಿಲ್ಲ. ಬೇಲಿ ಮುಗಿದಲ್ಲಿಂದ ಅದರ ನೇರಕ್ಕೇ ಹಿಮದಲ್ಲಿ ಸಲಿಕೆಯಿಂದ ಸಾಲು ಹೊಡೆದು, ದಂಟು ನಿಲ್ಲಿಸಿ, ಹಿಮ ಒತ್ತಿ, ಬುಡಕ್ಕೆ ಬಕೀಟಿನಿಂದ ನೀರು ಹಾಕುತ್ತ ಹೋದೆವು. ಆ ಚಳಿಗೆ ನೀರು ನೋಡನೋಡುತ್ತ ಸಿಮೆಂಟಿನಂತೆ ಹಿಡಿಯಿತು. ಗಿಡಕ್ಕೆ ನೀರು ಹಾಕಿ ಜೀವನ ಕಳೆದ ಊರಿನವರು ಸತ್ತ ದಂಟಿಗೆ ನೀರು ಹಾಕುವುದನ್ನು ನೋಡಿ ನೀಲಾ ನಕ್ಕೂ ನಕ್ಕೂ ಹಿಮದಲ್ಲೇ ಕುಸಿದಳು. ಸಂದು ಮಾತ್ರ ನಾನೇ ಅಳೆದೆ. ಕೈಗವಸು ತೆಗೆದು ಮೂರು ಬೆರಳು ಇಟ್ಟು ನೋಡುವುದು, ಮತ್ತೆ ಕೈಗವಸು ಹಾಕುವುದು. ಬೆರಳು ಮರಗಟ್ಟಿದವು.

ವಾಲ್ಟರ್ ದೂರದಲ್ಲಿ ನಿಂತು ತುಂಬ ಹೊತ್ತು ನೋಡಿದರು. ಹೋಗಿ ಒಂದು ದಪ್ಪ ಮರದ ಕಂಬ ತಂದು ಸಾಲಿನ ತುದಿಗೆ ನಿಲ್ಲಿಸಿ, ಅದರ ಬುಡಕ್ಕೆ ತಾವೇ ನೀರು ಸುರಿದರು.

ಮಂಗಳವಾರ, ವಾಯವ್ಯ

ಸೋಮವಾರ ಸಂಜೆಯೇ ಗಾಳಿ ಎದ್ದಿತು. ಮನೆಯ ಮೂಲೆಮೂಲೆ ಕೂಗಿತು. ಐದಕ್ಕೆ ಎದ್ದು ನೋಡಿದರೆ ನೀಲಾ ನನಗಿಂತ ಮೊದಲೇ ಎದ್ದು ಕೋಟು ಹಾಕಿಕೊಂಡು ಕೂತಿದ್ದಳು. ಬಾಗಿಲು ತೆರೆಯುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ನೀ ತಗಿ ಅಕ್ಕಾ."

"ನಿನ್ನ ಮನಿ ಬಾಗಲು, ನೀ ತಗಿ."

ಕೊನೆಗೆ ಇಬ್ಬರೂ ಚಿಲಕಕ್ಕೆ ಕೈಹಾಕಿದೆವು. ಟಾರ್ಚಿನ ಬೆಳಕಿಗೆ ದಾರಿ ಕಂಡಿತು. ಮನೆಯಿಂದ ಗೇಟಿನವರೆಗೆ ದಾರಿ ಇತ್ತು. ಮೇಲೆ ಕಣಕದ ಹಿಟ್ಟು ಉದುರಿಸಿದಷ್ಟು ಹಿಮ, ಅಷ್ಟೇ. ಟಾರ್ಚನ್ನು ಹೊಲದ ಕಡೆ ತಿರುಗಿಸಿದೆ. ಮರದ ಬೇಲಿಯ ಹಿಂದೆ ಒಂದು ಏರಿ, ನಮ್ಮ ದಂಟಿನ ಸಾಲಿನ ಹಿಂದೆ ಅದಕ್ಕೆ ಹೊಂದಿಕೊಂಡೇ ಇನ್ನೊಂದು ಏರಿ. ಗಾಳಿ ದಣಿದು, ಹೊರೆ ಇಳಿಸಿ, ಬರಿಗೈಯಲ್ಲಿ ದಾರಿ ದಾಟಿ ಹೋಗಿತ್ತು.

ಆರಕ್ಕೆ ಮಾರ್ಗರೆಟ್ ಕಾರಿನಲ್ಲಿ ಕೂತರು. ಏಳಕ್ಕೆ ಹತ್ತು ನಿಮಿಷ ಇರುವಾಗ ನೀಲಾಳ ಸಂದೇಶ ಬಂತು, ಮುಟ್ಟಿದೆವು ಎಂದು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ, ಆಮೇಲೆ ಉಪ್ಪಿಟ್ಟು ಮಾಡಿಕೊಂಡು ಹೊಟ್ಟೆತುಂಬ ತಿಂದೆ.

ಕಂಬದ ಮೇಲಿನ ಹೆಸರು

ಆ ಚಳಿಗಾಲ ಮುಗಿಯುವ ತನಕ ನೀಲಾಗೆ ಒಂದು ದಿನವೂ ತಡವಾಗಲಿಲ್ಲ. ನಾನು ಹೊರಡುವ ವಾರ ಅವಳು ನನ್ನನ್ನು ಆಸ್ಪತ್ರೆಗೆ ಕರೆದೊಯ್ದಳು. ಬಾಗಿಲ ಗಾಜಿನಿಂದ ನೋಡಿದೆ. ನಾಲ್ಕು ಯಂತ್ರಗಳ ನಡುವೆ ನನ್ನ ತಂಗಿ ಓಡಾಡುತ್ತಿದ್ದಳು. ಒಬ್ಬೊಬ್ಬರ ಕೈ ಮುಟ್ಟಿ, ನಳಿಕೆ ನೋಡಿ, ಏನೋ ಹೇಳಿ ನಗಿಸುತ್ತಿದ್ದಳು. ಅವಳು ಹತ್ತಿರ ಬಂದ ಕೂಡಲೇ ಆ ಮುದುಕರ ಹೆಗಲು ಸಡಿಲವಾಗುವುದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಇವಳನ್ನು ಬೆಳೆಸಿದವಳು ನಾನು ಎಂದು ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಬೇಕೆನಿಸಿತು. ಇಬ್ಬರಿಗೆ ಹೇಳಿಯೂ ಬಿಟ್ಟೆ.

ವಾಪಸು ಬಂದಾಗ ವಾಲ್ಟರ್ ಗೇಟಿನಲ್ಲಿ ಕಾಯುತ್ತಿದ್ದರು. ಕೈಯಲ್ಲಿ ಕಪ್ಪು ಬಣ್ಣದ ಡಬ್ಬಿ, ಕುಂಚ. ದಂಟಿನ ಸಾಲಿನ ತುದಿಯ ಕಂಬ ತೋರಿಸಿ, ಬರೆ ಎಂದರು. ನನ್ನ ಹೆಸರು ಬರೆಯಲು ಹೇಳುತ್ತಿದ್ದಾರೆ ಎಂದುಕೊಂಡು ಒಳಗೊಳಗೇ ಹಿಗ್ಗಿ ಕುಂಚ ಅದ್ದಿದೆ. ಅವರು ತಲೆಯಾಡಿಸಿದರು. ನಿನ್ನದಲ್ಲ, ನಿನಗೆ ಕಲಿಸಿದವನದು. ನಿಮ್ಮ ಅಕ್ಷರದಲ್ಲೇ ಬರೆ ಎಂದರು.

ಅಪ್ಪ ಇಡೀ ಜೀವನದಲ್ಲಿ ರಾಯಚೂರು ದಾಟಿ ಹೋದವನಲ್ಲ. ಅಲ್ಲಿಗೂ ಕೊನೆಯ ಸಲ ಹೋದದ್ದು ನೀಲಾಳನ್ನು ನರ್ಸಿಂಗ್ ಶಾಲೆಗೆ ಸೇರಿಸಲು, ಅವಳ ಟ್ರಂಕನ್ನು ಹೆಗಲ ಮೇಲೆ ಹೊತ್ತುಕೊಂಡು. ಅವಳು ಪಾಸಾದದ್ದನ್ನು ನೋಡಲು ಅವನಿರಲಿಲ್ಲ. ನಾನು ತರಗತಿಯ ಹಲಗೆಯ ಮೇಲೆ ಬರೆಯುವಷ್ಟು ದೊಡ್ಡದಾಗಿ, ದುಂಡಗೆ ಬರೆದೆ: ಗಬ್ಬೂರು ಬಸವಂತಪ್ಪ.

ಇದಾಗಿ ವರ್ಷ ಕಳೆಯಿತು. ವಸಂತದಲ್ಲಿ ನೆಲ ಸಡಿಲಾದಾಗ ವಾಲ್ಟರ್ ಆ ಕಂಬವನ್ನು ಆಳಕ್ಕೆ ಹೂತು, ಅದರ ಪಕ್ಕದ ಇಪ್ಪತ್ತು ಹೆಜ್ಜೆಗೆ ಸೂರ್ಯಕಾಂತಿ ಬಿತ್ತಿ, ಚಳಿಗಾಲಕ್ಕೆ ಕೊಯ್ಯದೆ ನಿಲ್ಲಿಸಿದ್ದಾರೆ. ಮೊನ್ನೆ ಮಂಗಳವಾರ ಸಂಜೆ ದೇವದುರ್ಗದ ಅಂಗಳಕ್ಕೆ ನೀರು ಹೊಡೆಯುತ್ತಿದ್ದೆ, ನೀಲಾಳ ಫೋನು ಬಂತು. ಅಲ್ಲಿ ಆಗ ಬೆಳಗಿನ ಆರು.

"ರಾತ್ರಿಯೆಲ್ಲಾ ಭಾಳ ಗಾಳಿ ಅಕ್ಕಾ, ವಾಯವ್ಯ," ಎಂದಳು.

ಕೈಯ ತಂಬಿಗೆ ಕೆಳಗಿಟ್ಟೆ. "ದಾರಿ?"

"ದಾರಿಗೇನಾಗ್ತದ, ಅಪ್ಪ ನಿಂತಾನಲ್ಲ. ಮಾರ್ಗರೆಟ್ ಕಾರಿನ್ಯಾಗ ಕುಂತಾಳ. ಹೊಂಟೀವಿ ನಾವು."